ತೋಟದಲ್ಲಿ ಅಡ್ ಹಾಕ್ ನೆಟ್‌ವರ್ಕ್: ಎಒಡಿವಿ ದಾರಿ ತೋರಿಸುತ್ತೆ, ಫೋಟೋ ಮಾತ್ರ ಹೋಗಲ್ಲ

ತೋಟದ_ಪ್ಯಾಕೆಟ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಬೇಡಿ.

ನಮ್ಮನೆ ಸಾಗರದಿಂದ ಒಳಗೆ. ಮನೆಗೆ ಫೈಬರ್ ಬಂದಿದೆ, ತೋಟಕ್ಕೆ ಇಳಿದರೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ಪಂಪ್‌ಶೆಡ್ ಹಳ್ಳದ ಪಕ್ಕ ಇದೆ, ಮನೆಯಿಂದ ಹೆಚ್ಚುಕಡಿಮೆ 350 ಮೀಟರ್. ಮೋಟರ್ ಓಡ್ತಿದೆಯಾ, ಹಳ್ಳದಲ್ಲಿ ನೀರು ಎಷ್ಟಿದೆ ಅಂತ ನೋಡೋಕೆ ಅಪ್ಪ ದಿನಕ್ಕೆ ನಾಲ್ಕು ಸಲ ಇಳಿದು ಹತ್ತುತ್ತಾರೆ. ಅಲ್ಲೊಂದು ಕ್ಯಾಮರಾ ಇಟ್ಟರೆ ಈ ತಿರುಗಾಟ ತಪ್ಪುತ್ತೆ ಅಂತ ನನ್ನ ಲೆಕ್ಕ. ವಿಡಿಯೋ ಬೇಡ. ಐದು ನಿಮಿಷಕ್ಕೊಂದು ಫೋಟೋ, 60 ಕೆಬಿ, ಅಷ್ಟೇ.

ಕಾಲೇಜಿನ ಕೊನೇ ವರ್ಷದ ಪ್ರಾಜೆಕ್ಟನ್ನು ಎಒಡಿವಿ (ಪ್ಯಾಕೆಟ್ಟಿಗೆ ದಾರಿ ಹುಡುಕೋ ಒಂದು ರೂಟಿಂಗ್ ಪದ್ಧತಿ) ಮೇಲೆ, ಎನ್ಎಸ್-2 ಅನ್ನೋ ನೆಟ್‌ವರ್ಕ್ ಸಿಮ್ಯುಲೇಟರ್‌ನಲ್ಲಿ ಮಾಡಿದ್ದೆ (ನಮ್ಮ ಬ್ಯಾಚಿನಲ್ಲೇ ಮೂರು ತಂಡ ಇದನ್ನೇ ಮಾಡಿತ್ತು, ನಗಬೇಡಿ). ಗ್ರಾಫ್ ಎಲ್ಲ ಚೆನ್ನಾಗಿ ಬಂದಿತ್ತು. ಅದೇ ಧೈರ್ಯದಲ್ಲಿ ಐದು ರಾಸ್ಪ್‌ಬೆರಿ ಪೈಗೆ (ಪುಟ್ಟ ಕಂಪ್ಯೂಟರ್) ಯುಎಸ್‌ಬಿ ವೈಫೈ ಡಾಂಗಲ್, 5 ಡಿಬಿಐ ಆಂಟೆನಾ ಹಾಕಿ, ಅಡ್ ಹಾಕ್ ಮೋಡ್‌ನಲ್ಲಿ, ಅಂದ್ರೆ ನಡುವೆ ರೂಟರ್ ಇಲ್ಲದೆ ಒಂದಕ್ಕೊಂದು ನೇರ ಮಾತಾಡೋ ಹಾಗೆ, ಕೂಡಿಸಿದೆ. ಮನೆ, ಕೊಟ್ಟಿಗೆ, ತೋಟದ ನಡುವಿನ ಕಂಬ, ಪಂಪ್‌ಶೆಡ್, ಗುಡ್ಡದ ಮೇಲಿನ ಟ್ಯಾಂಕ್. ಎಒಡಿವಿಯನ್ನು, ಅದರ ನಿಯಮ ಬರೆದಿರೋ ದಾಖಲೆ ಆರ್‌ಎಫ್‌ಸಿ 3561 ಎದುರಿಗಿಟ್ಟುಕೊಂಡು, ಪೈಥಾನ್‌ನಲ್ಲಿ ನಾನೇ ಬರೆದೆ. ಅಂದ್ರೆ ದಾರಿ ಬೇಕಾದಾಗ ಎಲ್ಲರಿಗೂ ಕೂಗಿ ಕೇಳೋದು, ಗೊತ್ತಿದ್ದವರು ಉತ್ತರ ಕೊಡೋದು, ಲಿಂಕ್ ಮುರಿದರೆ ಮುರೀತು ಅಂತ ಹೇಳೋದು, ಪಕ್ಕದವರು ಇದ್ದಾರಾ ಅಂತ ತಿಳಿಯೋಕೆ ಸೆಕೆಂಡಿಗೊಂದು ಹಲೋ. ಇಷ್ಟೇ.

ಈಗ ಸಮಸ್ಯೆ. ಮನೆಯಿಂದ ಪಂಪ್‌ಶೆಡ್ಡಿಗೆ ರೂಟ್ ನೋಡಿದರೆ 1 ಹಾಪ್, ಅಂದ್ರೆ ನಡುವೆ ಯಾರೂ ಇಲ್ಲದೆ ಒಂದೇ ನೆಗೆತ, ನೇರ. ಪಿಂಗ್ ಹಾಕಿದರೆ ಹತ್ತಕ್ಕೆ ಆರು ಏಳು ವಾಪಸ್ ಬರುತ್ತೆ. ಫೋಟೋ ಕಳಿಸಿದರೆ ಕಾಲು ಭಾಗ ಹೋಗಿ ಅಲ್ಲೇ ನಿಲ್ಲುತ್ತೆ. ಲಾಗ್ ನೋಡಿದರೆ ಎಂಟು ಹತ್ತು ಸೆಕೆಂಡಿಗೊಮ್ಮೆ ಲಿಂಕ್ ಮುರೀತು ಅಂತಿದೆ. ಮತ್ತೆ ಹುಡುಕಾಟ, ಮತ್ತೆ ದಾರಿ. ತಮಾಷೆ ಏನಂದ್ರೆ ಈ ಹುಡುಕಾಟದಲ್ಲಿ ಒಮ್ಮೊಮ್ಮೆ ನಡುವಿನ ಕಂಬದ ಮೂಲಕ 2 ಹಾಪ್ ದಾರಿ ಸಿಗುತ್ತೆ. ಆಗ ಫೋಟೋ ಸರ್ರಂತ ಹೋಗುತ್ತೆ. ಖುಷಿಯಾಗೋ ಹೊತ್ತಿಗೆ ಮತ್ತೆ 1 ಹಾಪ್‌ಗೆ ಬಂದು ಕೂರುತ್ತೆ. ಎಒಡಿವಿ ನಿಲ್ಲಿಸಿ, ಕಂಬದ ಮೂಲಕವೇ ಹೋಗು ಅಂತ ಕೈಯಾರೆ ರೂಟ್ ಹಾಕಿದರೆ ಇಡೀ ದಿನ ತೊಂದರೆ ಇಲ್ಲ.

ನನ್ನ ಕೋಡ್ ತಪ್ಪಾ, ಅಥವಾ ಎಒಡಿವಿಯೇ ಹೀಗಾ? ಸಿಮ್ಯುಲೇಶನ್‌ನಲ್ಲಿ ಇದು ಒಂದು ಸಲವೂ ಕಾಣಲಿಲ್ಲ.

ಹಳೇ_ರೂಟರ್

ನಿಮ್ಮ ಕೋಡ್ ತಪ್ಪಲ್ಲ. ಎಒಡಿವಿ ಹೇಳಿದ್ದನ್ನೇ ನಿಮ್ಮ ಕೋಡ್ ಮಾಡ್ತಿದೆ, ತೊಂದರೆ ಆಗಿರೋದೇ ಅಲ್ಲಿ.

ನಿಮ್ಮ ಹಲೋ ಯಾವ ವೇಗದಲ್ಲಿ ಹೋಗುತ್ತೆ ನೋಡಿದ್ದೀರಾ? ಅದು ಬ್ರಾಡ್‌ಕಾಸ್ಟ್. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಬ್ರಾಡ್‌ಕಾಸ್ಟ್ ಅನ್ನು ಸಾಮಾನ್ಯವಾಗಿ ಕಡಿಮೆ ವೇಗದಲ್ಲೇ, ಅಂದ್ರೆ 1 ಎಂಬಿಪಿಎಸ್‌ನಲ್ಲಿ ಕಳಿಸುತ್ತಾರೆ, ಎಲ್ಲರಿಗೂ ಕೇಳಲಿ ಅಂತ. ಮೇಲಾಗಿ ಹಲೋ ಅಂದ್ರೆ ಕೆಲವೇ ಬೈಟಿನ ಪುಟ್ಟ ಪ್ಯಾಕೆಟ್. ನಿಧಾನಕ್ಕೆ ಹೇಳಿದ ಚಿಕ್ಕ ಮಾತು ದೂರಕ್ಕೂ ಕೇಳುತ್ತೆ. ನಿಮ್ಮ ಫೋಟೋ ಹಾಗಲ್ಲ, 1400 ಬೈಟಿನ ನಲವತ್ತನಾಲ್ಕು ಪ್ಯಾಕೆಟ್ ಆಗುತ್ತೆ, ಜಾಸ್ತಿ ವೇಗದಲ್ಲಿ ಹೊರಡುತ್ತೆ, ಒಂದೊಂದಕ್ಕೂ ಆ ಕಡೆಯಿಂದ ಮುಟ್ಟಿತು ಅನ್ನೋ ಉತ್ತರ ವಾಪಸ್ ಬರಬೇಕು. ಹಲೋ ಮುಟ್ಟುವ ಜಾಗಕ್ಕೆಲ್ಲ ಹೊರೆ ಮುಟ್ಟಲ್ಲ. ಇದನ್ನು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು 2002ರಲ್ಲೇ ನಿಜವಾದ ಲ್ಯಾಪ್‌ಟಾಪ್ ಇಟ್ಟುಕೊಂಡು ಓಡಾಡಿ ಕಂಡುಹಿಡಿದು, ಗ್ರೇ ಝೋನ್ ಅಂತ ಹೆಸರಿಟ್ಟರು. ಅವರೂ ಎಒಡಿವಿಯನ್ನೇ ಓಡಿಸುತ್ತಿದ್ದರು. ನಿಮ್ಮ ಪಂಪ್‌ಶೆಡ್ ಇರೋದು ಸರಿಯಾಗಿ ಆ ಮಬ್ಬಿನೊಳಗೆ.

ಇನ್ನು ಎಒಡಿವಿ ದಾರಿ ಆರಿಸೋದು ಹಾಪ್ ಎಣಿಸಿ. 1 ಹಾಪ್ ಇದ್ದರೆ 2 ಹಾಪ್ ಕಡೆ ತಿರುಗಿಯೂ ನೋಡಲ್ಲ. ಹಾಪ್ ಕಡಿಮೆ ಆಗಬೇಕು ಅಂದ್ರೆ ಒಂದೊಂದು ಹಾಪ್ ಉದ್ದ ಆಗಬೇಕು, ಉದ್ದ ಆದಷ್ಟೂ ಸಿಗ್ನಲ್ ಕೆಡುತ್ತೆ. ಹಾಗಾಗಿ ಇರೋ ದಾರಿಯಲ್ಲೇ ಅತಿ ಕೆಟ್ಟದ್ದನ್ನು ಹುಡುಕಿ ಹಿಡಿಯುತ್ತೆ ಅಂತ ಬೇಕಾದರೂ ಹೇಳಬಹುದು.

ಎಂಟು ಹತ್ತು ಸೆಕೆಂಡಿನ ಲೆಕ್ಕವೂ ಸರಿಯಾಗಿದೆ ನೋಡಿ. ಆರ್‌ಎಫ್‌ಸಿ ಪ್ರಕಾರ ಎರಡು ಹಲೋ ಸಾಲಾಗಿ ತಪ್ಪಿದರೆ ಲಿಂಕ್ ಹೋಯ್ತು ಅಂತ ಅರ್ಥ. ಹತ್ತಕ್ಕೆ ನಾಲ್ಕು ಹಲೋ ಕಳೆದುಹೋಗ್ತಿದೆ ಅಂದುಕೊಳ್ಳಿ, ಎರಡು ಸಾಲಾಗಿ ತಪ್ಪೋಕೆ ಸರಾಸರಿ ಒಂಬತ್ತು ಸೆಕೆಂಡ್ ಸಾಕು. ನಿಮ್ಮ ಲಾಗ್ ಅದನ್ನೇ ಹೇಳ್ತಿದೆ.

ಎನ್ಎಸ್-2ನಲ್ಲಿ ಯಾಕೆ ಕಾಣಲಿಲ್ಲ ಅಂದ್ರೆ, ಅಲ್ಲಿ ಡೀಫಾಲ್ಟ್ ಆಗಿ 250 ಮೀಟರಿನ ಒಂದು ಗುಂಡು ಗೆರೆ. ಗೆರೆಯ ಒಳಗಿದ್ದರೆ ಪ್ಯಾಕೆಟ್ ಮುಟ್ಟಿತು, ಹೊರಗಿದ್ದರೆ ಇಲ್ಲ. ಮಬ್ಬು ಅನ್ನೋದೇ ಇಲ್ಲ. ಅಡಿಕೆ ಮರವೂ ಇಲ್ಲ.

ತೋಟದ_ಪ್ಯಾಕೆಟ್

ಸರ್, ಇದನ್ನು ಓದಿ ಸುಮ್ನೆ ಎರಡು ನಿಮಿಷ ಕೂತುಬಿಟ್ಟೆ. ವೈವಾದಲ್ಲಿ ಎಒಡಿವಿಯಲ್ಲಿ ಹಾಪ್ ಕೌಂಟ್ ಯಾಕೆ ಅಂತ ಕೇಳಿದ್ದರು, ಸರಳ ಮತ್ತು ಪರಿಣಾಮಕಾರಿ ಅಂತ ಹೇಳಿ ಪಾಸಾಗಿದ್ದೆ.

ಹಾಗಾದರೆ ಹಾಪ್ ಬಿಟ್ಟು ಬೇರೆ ಏನು ಎಣಿಸಬೇಕು? ಸಿಗ್ನಲ್ ಡಿಬಿಎಂ (ಸಿಗ್ನಲ್ ಬಲ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು) ನೋಡಿದರೆ ಸಾಕಾ? ಇವತ್ತು ಅಳೆದೆ. ಪಂಪ್‌ಶೆಡ್ಡಿನಿಂದ ಮನೆಗೆ ನೇರ -86, ಕಂಬಕ್ಕೆ -67, ಕಂಬದಿಂದ ಮನೆಗೆ -64.

ಹಳೇ_ರೂಟರ್

-86 ಅನ್ನೋದನ್ನು ನೋಡಿದ ಮೇಲೆ ಕೇಳೋಕೆ ಇನ್ನೇನೂ ಉಳಿದಿಲ್ಲ. ಆದರೂ ಡಿಬಿಎಂ ಒಂದನ್ನೇ ನಂಬಬೇಡಿ. ಪಕ್ಕದಲ್ಲಿ ಗಲಾಟೆ ಇದ್ದರೆ -70ಯೂ ಕೆಟ್ಟದ್ದೇ. ಎಷ್ಟು ಸಲ ಕಳಿಸಿದರೆ ಒಂದು ಮುಟ್ಟುತ್ತೆ ಅಂತ ಎಣಿಸಿ. ಇದಕ್ಕೆ ಇಟಿಎಕ್ಸ್ ಅಂತಾರೆ, ಎಂಐಟಿಯ ರೂಫ್‌ನೆಟ್ ತಂಡದವರು 2003ರಲ್ಲಿ ತಂದಿದ್ದು. ಆ ಕಡೆ ಹೋಗೋದು ಎಷ್ಟು ಪಾಲು ಮುಟ್ಟುತ್ತೆ, ಈ ಕಡೆ ಬರೋದು ಎಷ್ಟು ಪಾಲು ಮುಟ್ಟುತ್ತೆ, ಎರಡನ್ನೂ ಗುಣಿಸಿ, 1ನ್ನು ಅದರಿಂದ ಭಾಗಿಸಿ.

ನಿಮ್ಮದನ್ನೇ ತಗೊಳ್ಳೋಣ. ನೇರ ಲಿಂಕ್‌ನಲ್ಲಿ ಹೋಗೋದು 0.5, ಬರೋದು 0.6 ಅನ್ನಿ. ಗುಣಿಸಿದರೆ 0.3. ಅಂದ್ರೆ ಇಟಿಎಕ್ಸ್ 3.3. ಕಂಬದ ಮೂಲಕ ಎರಡೂ ಲಿಂಕ್‌ನಲ್ಲಿ 0.9, 0.9 ಅನ್ನಿ. ಒಂದೊಂದಕ್ಕೆ 1.23, ಕೂಡಿಸಿದರೆ 2.5ಕ್ಕಿಂತ ಸ್ವಲ್ಪ ಕಡಿಮೆ. ಕಡಿಮೆ ಇದ್ದದ್ದು ಗೆದ್ದಿತು. ನೀವು ಕೈಯಾರೆ ಹಾಕಿದ ರೂಟ್ ಅದೇ ತಾನೇ?

ಎರಡು ಎಚ್ಚರಿಕೆ. ಎಣಿಸೋಕೆ ಅದೇ ಪುಟ್ಟ ಹಲೋವನ್ನೇ ಬಳಸಿದರೆ ಅದು ಮತ್ತೆ ಸುಳ್ಳು ಹೇಳುತ್ತೆ, ಹಾಗಾಗಿ ಅದಕ್ಕೆ ಖಾಲಿ ಬೈಟ್ ತುಂಬಿಸಿ ಸಾವಿರ ಬೈಟಿನಷ್ಟು ದಪ್ಪ ಮಾಡಿ, ಅಡ್ ಹಾಕ್ ಜಾಲಕ್ಕೆ ಸೇರುವಾಗ ಮಲ್ಟಿಕಾಸ್ಟ್ ವೇಗವನ್ನು (ಹಲೋ ಹೋಗೋ ವೇಗ) 11 ಎಂಬಿಪಿಎಸ್‌ಗೆ ಏರಿಸಿ. ಹಾಗೆ ಮಾಡಿದರೆ ಪಂಪ್‌ಶೆಡ್ಡಿನ ನೇರ ಲಿಂಕ್ ಬಹುಶಃ ತಾನಾಗೇ ಸತ್ತುಹೋಗುತ್ತೆ, ಸಾಯಲಿ ಬಿಡಿ. ಇನ್ನೊಂದು, ಒಂದೆರಡು ಹಲೋ ತಪ್ಪಿದ ಕೂಡಲೇ ಗಾಬರಿ ಬೀಳಬೇಡಿ, ಕಳೆದ ಇಪ್ಪತ್ತರಲ್ಲಿ ಎಷ್ಟು ಬಂತು ಅಂತ ನೋಡಿ.

ಬರ್ಲಿನ್_ಬಾಲ್ಕನಿ

ನಾನು ಹೊನ್ನಾವರದ ಕಡೆಯವನು, ಈಗ ಬರ್ಲಿನ್‌ನಲ್ಲಿದ್ದೇನೆ. ಇಲ್ಲಿ ಫ್ರೈಫುಂಕ್ ಅಂತ ಒಂದು ಕೂಟ ಇದೆ. ಜನ ತಮ್ಮ ಮನೆ ಮಾಡಿನ ಮೇಲೆ, ಕಿಟಕಿಯಲ್ಲಿ, ಚರ್ಚಿನ ಗೋಪುರದಲ್ಲಿ ರೂಟರ್ ಇಟ್ಟು ತಾವೇ ಜಾಲ ಕಟ್ಟಿಕೊಂಡವರು. ನನ್ನ ಬಾಲ್ಕನಿಯಲ್ಲೂ ಒಂದು ಇತ್ತು. ಹಾಗಾಗಿ ಎರಡು ಮಾತು.

ಇಲ್ಲಿಯವರು ಶುರು ಮಾಡಿದ್ದು ಒಎಲ್ಎಸ್ಆರ್ ಅನ್ನೋ ಇನ್ನೊಂದು ರೂಟಿಂಗ್ ಪದ್ಧತಿಯಿಂದ. ಅದು ಎಒಡಿವಿಗೆ ಉಲ್ಟಾ. ಕೇಳಿದಾಗ ಹುಡುಕೋದಲ್ಲ, ಮೊದಲೇ ಎಲ್ಲರೂ ಎಲ್ಲರ ನಕ್ಷೆ ಇಟ್ಟುಕೊಂಡಿರೋದು. 2003ರ ಆರ್‌ಎಫ್‌ಸಿಯಲ್ಲಿ ಅದೂ ಹಾಪ್ ಎಣಿಸುವ ಗಿರಾಕಿಯೇ. ಮಾಡುಗಳ ಮೇಲೆ ನಿಮ್ಮದೇ ಗತಿ ಆಗಿ, ಇವರು ಅದಕ್ಕೆ ಇಟಿಎಕ್ಸ್ ಜೋಡಿಸಿದರು. ಆಮೇಲೆ ಜಾಲ ದೊಡ್ಡದಾಯ್ತು. ನೂರಾರು ರೂಟರ್, ಪ್ರತಿಯೊಂದೂ ಇಡೀ ಊರಿನ ನಕ್ಷೆ ಹಿಡಿದು ಲೆಕ್ಕ ಹಾಕಬೇಕು. ಆಗಿನ ಅಗ್ಗದ ರೂಟರಿನ ಪುಟ್ಟ ಪ್ರೊಸೆಸರ್ ಬೆವರು ಬಿಡ್ತಿತ್ತು. ಸಾಕಪ್ಪಾ ಅಂತ ಇವರೇ ಬ್ಯಾಟ್‌ಮನ್ ಅಂತ ಹೊಸದು ಬರೆದರು.

ಅದರ ಉಪಾಯ ನಮ್ಮ ಕಡೆಯವರಿಗೆ ತಕ್ಷಣ ಅರ್ಥ ಆಗುತ್ತೆ. ರಾತ್ರಿ ಎಲ್ಲೋ ಗುಡ್ಡದಾಚೆ ಯಕ್ಷಗಾನ ನಡೀತಿದೆ ಅಂದುಕೊಳ್ಳಿ. ಯಾವ ಊರು, ಯಾವ ಗದ್ದೆ ಗೊತ್ತಿಲ್ಲ. ಮೂರು ದಾರಿ ಕೂಡುವಲ್ಲಿ ನಿಂತು ಚಂಡೆ ಎಲ್ಲಿಂದ ಜೋರಾಗಿ ಕೇಳುತ್ತೆ ಅಂತ ಕಿವಿ ಕೊಟ್ಟು, ಆ ಕಡೆ ನಡೀತೀವಿ. ಮುಂದಿನ ಕವಲಿನಲ್ಲಿ ಮತ್ತೆ ಕಿವಿ. ಇಡೀ ದಾರಿಯ ನಕ್ಷೆ ಯಾರಿಗೆ ಬೇಕು? ಬ್ಯಾಟ್‌ಮನ್‌ನಲ್ಲಿ ಪ್ರತಿ ನೋಡ್ (ಜಾಲದ ಒಂದೊಂದು ಪೈ ಅಥವಾ ರೂಟರ್) ಸೆಕೆಂಡಿಗೊಮ್ಮೆ ನಾನಿದ್ದೇನೆ ಅಂತ ಕೂಗುತ್ತೆ, ಪಕ್ಕದವರು ಅದನ್ನೇ ಮುಂದೆ ಕೂಗುತ್ತಾರೆ. ಪಂಪ್‌ಶೆಡ್ಡಿನ ಕೂಗು ಯಾರ ಮೂಲಕ ಚೆನ್ನಾಗಿ ಬರ್ತಿದೆ ಅನ್ನೋದೊಂದನ್ನೇ ಮನೆಯ ನೋಡ್ ನೆನಪಿಟ್ಟುಕೊಳ್ಳುತ್ತೆ. ನಿಮ್ಮಲ್ಲಿ ಅದು ಕಂಬ.

ಬ್ಯಾಟ್‌ಮನ್ ಅಡ್ವಾನ್ಸ್ಡ್ 2011ರಿಂದ ಲಿನಕ್ಸ್ ಕರ್ನೆಲ್ಲಿನೊಳಗೇ ಇದೆ, 2.6.38ರಿಂದ. ನಿಮ್ಮ ಪೈನಲ್ಲಿ ಮಾಡ್ಯೂಲ್ ಲೋಡ್ ಮಾಡಿದರೆ ಆಯ್ತು. ಪೈಥಾನ್ ಕೋಡನ್ನು ಪ್ರಾಜೆಕ್ಟ್ ನೆನಪಿಗೆ ಫ್ರೇಮ್ ಹಾಕಿ ಇಡಿ.

ಇನ್ನೊಂದು ವಿಷಯ. ಅಡ್ ಹಾಕ್ ಮೋಡ್‌ನಲ್ಲಿ ಬಿಎಸ್ಎಸ್ಐಡಿ (ಜಾಲದ ಗುರುತು ಸಂಖ್ಯೆ) ಎಲ್ಲದಕ್ಕೂ ಕೈಯಾರೆ ಒಂದೇ ಹಾಕಿದ್ದೀರಾ? ಇಲ್ಲದಿದ್ದರೆ ಯಾವತ್ತಾದರೂ ಎರಡು ನೋಡ್ ಒಂದನ್ನೊಂದು ಕಾಣದೆ ಒಂದೇ ಹೆಸರಿನ ಎರಡು ಜಾಲ ಮಾಡಿಕೊಂಡು ಕೂರುತ್ತವೆ, ಹೆಸರು ಒಂದೇ ಇರೋದರಿಂದ ನಿಮಗೆ ಗೊತ್ತೇ ಆಗಲ್ಲ. ಈ ರಗಳೆಯೇ ಬೇಡ ಅಂದ್ರೆ 802.11ಎಸ್, ಅಂದ್ರೆ ವೈಫೈಯದೇ ಮೆಶ್ ಮೋಡ್‌ಗೆ ಹೋಗಿ. ಅದರಲ್ಲಿ ಅದರದೇ ರೂಟಿಂಗ್ ಇದೆ, ಎಚ್‌ಡಬ್ಲ್ಯೂಎಂಪಿ ಅಂತ, ನಿಮ್ಮ ಎಒಡಿವಿಯದೇ ತಮ್ಮ, ಆದರೆ ಹಾಪ್ ಬದಲು ಗಾಳಿಯಲ್ಲಿ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕುತ್ತೆ. ಬ್ಯಾಟ್‌ಮನ್ ಹಾಕೋದಾದರೆ ಮೆಶ್‌ನ ಸ್ವಂತ ಫಾರ್ವರ್ಡಿಂಗ್ ಆಫ್ ಮಾಡಿ. ಎರಡೂ ಒಟ್ಟಿಗೆ ದಾರಿ ತೋರಿಸೋಕೆ ಹೊರಟರೆ ಮನೆಯಲ್ಲಿ ಇಬ್ಬರು ಯಜಮಾನರು ಇದ್ದ ಹಾಗೆ.

ಮೂಡಿಗೆರೆ_ಮಾರಾಯ

ಇಷ್ಟೆಲ್ಲ ಯಾಕ್ರೀ. ಮೋಟರ್ ಓಡ್ತಿದೆಯಾ, ನೀರಿದೆಯಾ, ಎರಡೇ ಪ್ರಶ್ನೆ ತಾನೇ? ಅದಕ್ಕೆ ಫೋಟೋ ಬೇಕಾ? ನಾನು ಕಾಫಿ ತೋಟದಲ್ಲಿ ಲೋರಾ (ವೇಗ ಕಡಿಮೆ, ದೂರ ಜಾಸ್ತಿ ಹೋಗೋ ರೇಡಿಯೋ) ಹಾಕಿದ್ದೇನೆ, ಮೆಶ್‌ಟಾಸ್ಟಿಕ್ ಸಾಫ್ಟ್‌ವೇರ್. ನಮ್ಮಲ್ಲಿ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಪವರ್ ಮಿತಿಯೊಳಗೆ ಇದ್ದರೆ ಲೈಸೆನ್ಸ್ ಬೇಡ. ನೀರಿನ ಮಟ್ಟಕ್ಕೊಂದು ಸೆನ್ಸರ್, ಸ್ಟಾರ್ಟರಿಗೊಂದು ತಂತಿ, ಮೆಸೇಜ್ ಫೋನಿಗೆ. ಸೌದೆ ಕೊಟ್ಟಿಗೆಯ ಹೆಂಚಿನ ಮೇಲಿರೋ ಪುಟ್ಟ ಬಾಕ್ಸು ಎರಡು ಗುಡ್ಡ ದಾಟಿ ಮಾತಾಡುತ್ತೆ.

ರೂಟಿಂಗ್ ತಲೆನೋವೂ ಇಲ್ಲ. ಕೇಳಿದವರೆಲ್ಲ ಒಂದು ಸಲ ಮುಂದೆ ಕೂಗೋದು, ಅಷ್ಟೇ. ಅದರಲ್ಲೊಂದು ಜಾಣತನ ಇದೆ. ಸಿಗ್ನಲ್ ಕ್ಷೀಣವಾಗಿ ಕೇಳಿದವನು, ಅಂದ್ರೆ ದೂರದಲ್ಲಿರೋನು, ಮೊದಲು ಕೂಗ್ತಾನೆ. ಹತ್ತಿರದವನು ಸ್ವಲ್ಪ ಕಾಯ್ತಾನೆ, ಅಷ್ಟರಲ್ಲಿ ಇನ್ನೊಬ್ಬ ಕೂಗಿದ್ದು ಕೇಳಿದರೆ ತಾನು ಸುಮ್ಮನಾಗ್ತಾನೆ. ಮೂರು ಹಾಪ್ ಡೀಫಾಲ್ಟ್, ಏಳರ ತನಕ ಏರಿಸಬಹುದು. ನಮ್ಮಲ್ಲಿ ಮೂರೇ ಧಾರಾಳ.

ಹಳೇ_ರೂಟರ್

ಮಾರಾಯರೇ, ಮೋಟರಿಗೆ ನಿಮ್ಮದು ಸರಿ, ನಾನೂ ಅದನ್ನೇ ಹಾಕ್ತಿದ್ದೆ. ಆದರೆ ಹಳ್ಳದ ಫೋಟೋ ಬೇಕೇ ಬೇಕು ಅಂತ ಹುಡುಗ ಹೇಳ್ತಿದ್ದಾರಲ್ಲ. ಲೋರಾದ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ ಸುಮಾರು ಸಾವಿರ ಬಿಟ್. 60 ಕೆಬಿ ಅಂದ್ರೆ ಸುಮಾರು ಐದು ಲಕ್ಷ ಬಿಟ್. ಒಂದು ಹಾಪ್‌ಗೇ ಎಂಟು ನಿಮಿಷದ ಮೇಲೆ, ಒಂದೂ ಕಳೆದುಹೋಗದಿದ್ದರೆ. ಇವರಿಗೆ ಐದು ನಿಮಿಷಕ್ಕೊಂದು ಬೇಕು. ಎಲ್ಲರೂ ಕೂಗೋ ಪದ್ಧತಿ ಪುಟ್ಟ ಮೆಸೇಜಿಗೆ ಚಂದ, ಹೊರೆಗೆ ಆಗಲ್ಲ.

ಮೂಡಿಗೆರೆ_ಮಾರಾಯ

ಲೆಕ್ಕ ಸರಿ, ಒಪ್ಪಿದೆ. ಆದರೂ ಪಂಪ್‌ಶೆಡ್ಡಿನಲ್ಲಿ ಅದೊಂದು ಇರಲಿ. ಜೋರು ಮಳೆಗಾಲದಲ್ಲಿ ನಿಮ್ಮ ವೈಫೈ ಮಲಗಿದ ದಿನ ಅದೇ ದಿಕ್ಕು.

ಇನ್ವರ್ಟರ್_ಶೆಟ್ರು

ನಾನು ಈ ವಿದ್ಯೆ ಓದಿದವನಲ್ಲ. 350 ಮೀಟರ್ ತಾನೇ, ಕೇಬಲ್ ಎಳೀಬಾರದಾ ತಮ್ಮಾ?

ತೋಟದ_ಪ್ಯಾಕೆಟ್

ಶೆಟ್ರೇ, ಮಾಮೂಲಿ ಲ್ಯಾನ್ ಕೇಬಲ್ 100 ಮೀಟರಿಗೆ ಮುಗೀತು. ಅದರ ಮೇಲೆ ತಾಮ್ರ, ನಮ್ಮೂರಿನ ಸಿಡಿಲು. ಹೋದ ವರ್ಷ ಕೊಟ್ಟಿಗೆಗೆ ಎಳೆದಿದ್ದ ತುಂಡಿನ ಮೂಲಕ ಬಂದು ಎರಡು ಪೋರ್ಟ್ ಸುಟ್ಟುಹಾಕಿತ್ತು. ಫೈಬರ್ ಆದರೆ ಸಿಡಿಲಿನ ಭಯ ಇಲ್ಲ, ಕಳೆ ಹೊಡೆಯೋ ಮಷಿನ್ನಿನ ಭಯ ಇದೆ. ಡ್ರಿಪ್ ಪೈಪನ್ನೇ ವರ್ಷಕ್ಕೆ ನಾಲ್ಕು ಸಲ ಕತ್ತರಿಸ್ತಾರೆ.

ಈಗ ವರದಿ. ಶನಿವಾರ, ಭಾನುವಾರ ಕೂತು ಬ್ಯಾಟ್‌ಮನ್ ಹಾಕಿದೆ, ಕೆಳಗೆ 802.11ಎಸ್. ಹಾಕಿದ ಹತ್ತು ನಿಮಿಷಕ್ಕೆ ಮನೆಯ ನೋಡ್ ಪಂಪ್‌ಶೆಡ್ಡಿಗೆ ಕಂಬದ ದಾರಿಯನ್ನೇ ಹಿಡಿದು ಕೂತಿತು. ಲಿಂಕಿನ ಗುಣಕ್ಕೆ ಅದು 255ಕ್ಕೆ ಅಂಕ ಕೊಡುತ್ತೆ, ನೇರಕ್ಕೆ 70ರ ಆಸುಪಾಸು, ಕಂಬದ ಮೂಲಕ 200ರ ಮೇಲೆ. ನೂರು ಫೋಟೋ ಕಳಿಸಿದೆ, ನೂರೂ ಬಂತು.

ಆದರೆ ಹೊಸದೊಂದು ಶುರುವಾಗಿದೆ. ಪಂಪ್‌ಶೆಡ್ ಫೋಟೋ ಕಳಿಸೋ ಹೊತ್ತಿಗೇ ಮನೆಯಿಂದ ಟ್ಯಾಂಕಿನ ಪೈಗೆ ಅಪ್‌ಡೇಟ್ ಕಳಿಸಿದರೆ ಎರಡೂ ತೆವಳುತ್ತವೆ. ಒಂದೊಂದೇ ಕಳಿಸಿದರೂ ಕಂಬದ ಮೂಲಕ ಹೋಗುವಾಗ ವೇಗ ಅರ್ಧ. ಇನ್ನೊಂದು, ಸೋಮವಾರ ಮಳೆ ಬಂದು ನಿಂತ ಮೇಲೆ ಕಂಬದ ಸಿಗ್ನಲ್ -67ರಿಂದ -75ಕ್ಕೆ ಬಿತ್ತು. ಮಳೆ ಬರುವಾಗ ಬೀಳಬೇಕು, ನಿಂತ ಮೇಲೆ ಯಾಕೆ?

ಹಳೇ_ರೂಟರ್

ಮೊದಲು ಅರ್ಧದ್ದು. ಕಂಬದಲ್ಲಿ ಒಂದೇ ರೇಡಿಯೋ, ಒಂದೇ ಚಾನೆಲ್. ಒಂದು ಪ್ಯಾಕೆಟ್ ಕೇಳಿಸಿಕೊಳ್ಳುವಾಗ ಹೇಳೋಕಾಗಲ್ಲ. ಎರಡು ಹಾಪ್ ಅಂದ್ರೆ ಅರ್ಧ, ಮೂರಾದರೆ ಮೂರನೇ ಒಂದು. ಯಾವ ರೂಟಿಂಗ್ ಹಾಕಿದರೂ ಇದು ತಪ್ಪಲ್ಲ. ಕಂಬದಲ್ಲಿ ಎರಡನೇ ಡಾಂಗಲ್ ಹಾಕಿ, ಪಂಪ್‌ಶೆಡ್ ಕಡೆಗೆ 1ನೇ ಚಾನೆಲ್, ಮನೆ ಕಡೆಗೆ 11. ಎರಡು ಆಂಟೆನಾ ಮಾತ್ರ ಅಕ್ಕಪಕ್ಕ ಅಂಟಿಸಬೇಡಿ, ಒಂದರ ಕೂಗು ಇನ್ನೊಂದರ ಕಿವಿಗೇ ಬೀಳುತ್ತೆ. ಐದು ನಿಮಿಷಕ್ಕೊಂದು ಫೋಟೋಗೆ ಇದು ಬೇಕಾ ಅಂದ್ರೆ, ನನ್ನ ಪ್ರಕಾರ ಬೇಡ.

ಎರಡೂ ತೆವಳೋದು ಹಿಡನ್ ನೋಡ್. ಮನೆಗೂ ಪಂಪ್‌ಶೆಡ್ಡಿಗೂ ಈಗ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಕೇಳಲ್ಲ, ಇಬ್ಬರೂ ಗಾಳಿ ಖಾಲಿ ಇದೆ ಅಂದುಕೊಂಡು ಒಟ್ಟಿಗೆ ಶುರು ಮಾಡ್ತಾರೆ, ನಡುವಿನ ಕಂಬದ ಕಿವಿಯಲ್ಲಿ ಎರಡೂ ಢಿಕ್ಕಿ. ಆರ್‌ಟಿಎಸ್ (ಕಳಿಸಲಾ ಅಂತ ಮೊದಲು ಕೇಳೋದು) ಮಿತಿಯನ್ನು 500 ಬೈಟಿಗೆ ಇಳಿಸಿ. ಆಗ ದೊಡ್ಡ ಪ್ಯಾಕೆಟ್ ಕಳಿಸೋ ಮುಂಚೆ ಕಂಬವನ್ನು ಕೇಳ್ತಾರೆ, ಕಂಬ ಹೂಂ ಅಂದದ್ದು ಇಬ್ಬರಿಗೂ ಕೇಳುತ್ತೆ.

ಮಳೆ ಬಗ್ಗೆ: ಮಳೆಯಲ್ಲ, ಒದ್ದೆ ಸೋಗೆ. 2.4 ಗಿಗಾಹರ್ಟ್ಸ್‌ಗೆ ಗಾಳಿಯಲ್ಲಿ ಬೀಳೋ ಹನಿ ಲೆಕ್ಕಕ್ಕಿಲ್ಲ. ಎಲೆ ಮೇಲೆ ಕೂತ ನೀರು ನುಂಗುತ್ತೆ. ಮಳೆ ನಿಂತರೂ ಸೋಗೆ, ಮೆಣಸಿನ ಬಳ್ಳಿ ಒಣಗೋ ತನಕ ಹಾಗೇ. ಆಂಟೆನಾ ಎಷ್ಟು ಎತ್ತರದಲ್ಲಿದೆ?

ತೋಟದ_ಪ್ಯಾಕೆಟ್

ಸುಮಾರು ಮೂರೂವರೆ ಮೀಟರ್. ಸೋಗೆಗಿಂತ ತುಂಬಾ ಕೆಳಗೆ, ಬಳ್ಳಿ ಇರೋ ಮಟ್ಟದಲ್ಲೇ.

ಬರ್ಲಿನ್_ಬಾಲ್ಕನಿ

ಅದೇ ಕೆಟ್ಟ ಎತ್ತರ. ಎದುರಿಗೆ ನೇರ ಕಂಡರೆ ಸಾಲದು, ಗೆರೆಯ ಸುತ್ತಲೂ ಜಾಗ ಬೇಕು. ಕಂಬದಿಂದ ಪಂಪ್‌ಶೆಡ್ಡಿಗೆ ಸುಮಾರು 180 ಮೀಟರ್ ಅಂದುಕೊಂಡರೆ ನಟ್ಟನಡುವೆ ಸುತ್ತ ಎರಡೂಕಾಲು ಮೀಟರಿನಷ್ಟು ಖಾಲಿ ಇರಬೇಕು. ಸಾಲಿನ ನಡುವಿನ ಕಾಲುವೆಯ ಗುಂಟ ನೋಡುವ ಹಾಗೆ ಕಂಬವನ್ನು ಒಂದು ಸಾಲು ಸರಿಸಿದರೆ ಬಳ್ಳಿ ಅಡ್ಡ ಬರೋದು ಕಡಿಮೆ ಆಗುತ್ತೆ. ಪೇಟೆಯಲ್ಲಿ ಗಲ್ಲಿ ನೋಡಿ ಆಂಟೆನಾ ಇಡ್ತೇವಲ್ಲ, ಹಾಗೇ.

ತೋಟದ_ಪ್ಯಾಕೆಟ್

ಸರಿಸಿದೆ. ಅಪ್ಪನೇ ಬಂದು ಹಾರೆ ಹಿಡಿದರು, ಎರಡು ಸಾಲು ಆಚೆ, ಬಸಿಗಾಲುವೆಯ ಅಂಚಿಗೆ. ಒದ್ದೆ ಇದ್ದಾಗಲೂ ಈಗ -69. ಆರ್‌ಟಿಎಸ್ 500 ಮಾಡಿದ ಮೇಲೆ ಅಪ್‌ಡೇಟ್ ಮತ್ತು ಫೋಟೋ ಎರಡೂ ಒಟ್ಟಿಗೆ ಹೋಗ್ತಿವೆ, ವೇಗ ಸುಮಾರು. ಎರಡನೇ ಡಾಂಗಲ್ ಸದ್ಯಕ್ಕೆ ಬೇಡ ಅಂತ ಬಿಟ್ಟೆ. ಮಾರಾಯರ ಲೋರಾ ಬೋರ್ಡಿಗೆ ಆರ್ಡರ್ ಹಾಕಿದ್ದೇನೆ.

ಕಂಬದ ಬಾಕ್ಸಿಗೆ ಮೊನ್ನೆ ಕೊಳೆ ಔಷಧಿ ಹೊಡೆಯುವಾಗ ಬೋರ್ಡೋ ದ್ರಾವಣ ಬಿದ್ದು ಪೂರ್ತಿ ನೀಲಿ ಆಗಿದೆ. ಕೇಬಲ್ ಬರೋ ತೂತಿಗೆ ಏನು ಹಚ್ಚಬೇಕು, ಎಂ-ಸೀಲ್ ಸಾಕಾ?